ಅಕ್ಕನ ಹೆಸರಿನಲ್ಲಿ ಹದಿನಾಲ್ಕು ಮಂದಿ

ಆ ದೊಡ್ಡ ಆಸ್ಪತ್ರೆಯಲ್ಲಿ ಯಾರು ಯಾರೆಂದು ಕಂಪ್ಯೂಟರುಗಳಿಗೆ ತಿಳಿಸುವ ಕೆಲಸ ಪಾಸ್‌ವರ್ಡಮ್ಮನದು. ಅವಳ ನಿಜವಾದ ಹುದ್ದೆಯ ಹೆಸರು ಬಾಗಿಲ ಮೇಲೆ ಎರಡು ಸಾಲು ಉದ್ದಕ್ಕಿತ್ತು. ಅದನ್ನು ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಸಾವಿರದ ಇನ್ನೂರು ನೌಕರರ ಹೆಸರು, ಅವರವರ ಐಡಿ, ಯಾರು ಯಾವ ಕಡತ ತೆರೆಯಬಹುದು, ಯಾರು ಯಾವ ವರದಿಗೆ ಒಪ್ಪಿಗೆ ಕೊಡಬಹುದು, ಎಲ್ಲವೂ ಅವಳು ನೋಡಿಕೊಳ್ಳುವ ಡೈರೆಕ್ಟರಿ ಎಂಬ ಒಂದೇ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿ ಹೆಸರಿದ್ದರೆ ನೀವಿದ್ದೀರಿ, ಇಲ್ಲದಿದ್ದರೆ ಇಲ್ಲ. ಪಾಸ್‌ವರ್ಡ್ ಮರೆತವರು ಫೋನಿನಲ್ಲಿ ಗೋಗರೆಯುತ್ತಿದ್ದರು. ಕೆಲಸ ಆದಮೇಲೆ ಕಾರಿಡಾರಿನಲ್ಲಿ ಎದುರು ಸಿಕ್ಕರೂ ಗುರುತು ಹಿಡಿಯುತ್ತಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಲ್ಯಾಬಿನ ಅಕ್ಕನನ್ನು ಅಮಾನತು ಮಾಡಿದ್ದರು.

ಅಕ್ಕ ಎಂದರೆ ರಕ್ತಪರೀಕ್ಷೆಯ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಪಾಸ್‌ವರ್ಡಮ್ಮನ ತಾಯಿ ಇದೇ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನರ ಸಿಗದೆ ಮೂವರು ಚುಚ್ಚಿ ಚುಚ್ಚಿ ಸೋತ ಕೈಯಿಂದ ಒಂದೇ ಸಲಕ್ಕೆ ರಕ್ತ ತೆಗೆದವಳು. ನಿವೃತ್ತಿಗೆ ಇನ್ನು ಹದಿನೇಳು ತಿಂಗಳು. ಹೋದ ವಾರ ಇಬ್ಬರು ರೋಗಿಗಳ ವರದಿ ಅದಲುಬದಲಾಗಿ, ಒಬ್ಬ ಮುದುಕರು ಬೇಡದ ಔಷಧಿ ತೆಗೆದುಕೊಂಡು ಎರಡು ದಿನ ತೀವ್ರ ನಿಗಾ ಘಟಕದಲ್ಲಿದ್ದರು. ಪುಣ್ಯಕ್ಕೆ ಬದುಕಿದರು. ಆ ವರದಿಯ ಕೆಳಗೆ 'ಪರಿಶೀಲಿಸಿದವರು' ಎಂಬಲ್ಲಿ ಅಕ್ಕನ ಐಡಿ ಇತ್ತು. ಅಷ್ಟೇ ಸಾಕಾಯಿತು. ಮಧ್ಯಾಹ್ನ ಮೂರಕ್ಕೆ ವಿಚಾರಣಾ ಸಮಿತಿ ಸೇರುವುದಿತ್ತು. ಅಲ್ಲಿ ತಪ್ಪು ಅವಳದೇ ಎಂದಾದರೆ ಕೆಲಸವೂ ಹೋಯಿತು, ಮೂವತ್ತೊಂದು ವರ್ಷದ ಸೇವೆಯೂ ಮಣ್ಣುಪಾಲು.

ವರದಿ ಹೊರಟ ಹೊತ್ತಿಗೆ ಅಕ್ಕ ಪಕ್ಕದ ಕೋಣೆಯಲ್ಲಿ ಒಂದು ಮಗುವಿನ ರಕ್ತ ತೆಗೆಯುತ್ತಿದ್ದಳು. ಅದನ್ನು ಯಾವ ಪುಸ್ತಕದಲ್ಲೂ ಯಾರೂ ಬರೆದಿರಲಿಲ್ಲ.

ಹಾಗಾದರೆ ಒಪ್ಪಿಗೆಯ ಗುಂಡಿ ಒತ್ತಿದವರು ಯಾರು? ಅದು ದೇವರಿಗೇ ಗೊತ್ತು. ಆರು ವರ್ಷದಲ್ಲಿ ಲ್ಯಾಬಿಗೆ ಒಂಬತ್ತು ಜನ ಹೊಸಬರು ಬಂದಿದ್ದರು, ಒಬ್ಬರಿಗೂ ಸ್ವಂತ ಐಡಿ ಇರಲಿಲ್ಲ. ಪಾಸ್‌ವರ್ಡಮ್ಮ ಒಂಬತ್ತು ಅರ್ಜಿಗಳನ್ನೂ ತುಂಬಿ ಆಡಳಿತಾಧಿಕಾರಿಯ ಮೇಜಿಗೆ ಕಳಿಸಿದ್ದಳು. ಅವು ಅಲ್ಲೇ ಧೂಳು ತಿನ್ನುತ್ತಿದ್ದವು. ಮೂರು ಸಲ ಪತ್ರ ಬರೆದಿದ್ದಳು. "ಒಂದೊಂದು ಐಡಿಗೂ ಕಂಪನಿಗೆ ದುಡ್ಡು ಕಟ್ಟಬೇಕು, ಲೈಸೆನ್ಸ್ ಖಾಲಿ ಇಲ್ಲಮ್ಮ, ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಿದ್ದರು ಅವರು. ಲ್ಯಾಬು ಅಡ್ಜಸ್ಟ್ ಮಾಡಿಕೊಂಡಿತ್ತು. ಬೆಳಿಗ್ಗೆ ಮೊದಲು ಬಂದವರು ಆರೂ ಕಂಪ್ಯೂಟರಿಗೆ ಅಕ್ಕನ ಐಡಿ ಹಾಕಿ ತೆರೆಯುವುದು, ಸಂಜೆ ಕೊನೆಗೆ ಹೋಗುವವರು ಮುಚ್ಚುವುದು. ನಲವತ್ತೈದು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಗಲೇಬೇಕು. ಆಗ ಅಕ್ಕ ತನ್ನ ಮನೆಯ ಬೆಕ್ಕಿನ ಹೆಸರಿನ ಮುಂದೆ ಹೊಸದೊಂದು ಸಂಖ್ಯೆ ಸೇರಿಸಿ, ಚೀಟಿಯಲ್ಲಿ ಬರೆದು, ಕೈಗವಸಿನ ಡಬ್ಬದ ಮುಚ್ಚಳದ ಒಳಗೆ ಅಂಟಿಸುತ್ತಿದ್ದಳು. ಆ ಬೆಕ್ಕನ್ನು ಕಣ್ಣಿಂದ ನೋಡದವರಿಗೂ ಅದರ ಹೆಸರು ಬಾಯಿಪಾಠವಾಗಿತ್ತು.

"ಊರ ಉಸಾಬರಿ ನಿನಗ್ಯಾಕೆ?" ಎಂದಿದ್ದ ಗಂಡ ಹಿಂದಿನ ಸಂಜೆ. ಅವನು ಶಾಲೆಯ ಮೇಷ್ಟ್ರು. "ಅವರು ಕೇಳಿದ ದಾಖಲೆ ಕೊಡು, ಸುಮ್ಮನೆ ಬಾ."

"ನಿಮ್ಮ ಹಾಜರಿ ಪುಸ್ತಕದಲ್ಲಿ ಇನ್ಯಾರೋ ನಿಮ್ಮ ಸಹಿ ಹಾಕಿ, ನಿಮ್ಮ ಹೆಸರಲ್ಲಿ ಮಕ್ಕಳಿಗೆ ಹೊಡೆದು ಹೋದ್ರೆ, ಆಗ್ಲೂ ಸುಮ್ಮನೆ ಬರ್ತೀರಾ?"

ಮೇಷ್ಟ್ರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡ.

ಹತ್ತು ಗಂಟೆಗೆ ಅವಳು ಆಡಳಿತಾಧಿಕಾರಿಯ ಕೋಣೆಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಅಕ್ಕ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇವಳನ್ನು ನೋಡಿ ನಗಲು ನೋಡಿದಳು, ಆಗಲಿಲ್ಲ. ಒಳಗೆ ಪಾಸ್‌ವರ್ಡಮ್ಮ ಕಂಪ್ಯೂಟರಿನಿಂದ ತೆಗೆದ ದಾಖಲೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ನೋಡಿ ಸರ್, ಆ ದಿನ ಅದೇ ಹೊತ್ತಿಗೆ ಈ ಐಡಿ ಆರು ಕಂಪ್ಯೂಟರಲ್ಲಿ ತೆರೆದಿತ್ತು. ಒಬ್ಬರೇ ಆರು ಕಡೆ ಕೂರೋಕಾಗುತ್ತಾ?"

ಸಾಹೇಬರು ಕನ್ನಡಕ ಏರಿಸಿ ಓದಿದರು. ಅವರ ಮುಖ ಅರಳಿತು. "ಒಳ್ಳೇದಾಯ್ತು. ಪಾಸ್‌ವರ್ಡ್ ಊರಿಗೆಲ್ಲ ಹಂಚಿದ್ದಾರೆ ಅಂತಾಯ್ತಲ್ಲ. ಅದೂ ಒಂದು ಆರೋಪ ಸೇರಿಸೋಣ."

ಪಾಸ್‌ವರ್ಡಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಉಳಿಸಲು ತಂದ ಕಾಗದವೇ ಅಕ್ಕನಿಗೆ ಉರುಳಾಗಿತ್ತು. ಐಡಿ ಕೊಡದವನೇ, ಐಡಿ ಹಂಚಿಕೊಂಡದ್ದು ತಪ್ಪೆಂದು ಬರೆದುಕೊಳ್ಳುತ್ತಿದ್ದಾನೆ! ನಾಚಿಕೆ ಎನ್ನುವುದು ಬೇಡವೇ ಮನುಷ್ಯನಿಗೆ? ಎದುರಿಗೇ, ಟ್ರೇಯಲ್ಲಿ, ಆ ಒಂಬತ್ತು ಅರ್ಜಿಗಳ ಅಂಚು ಹಳದಿಯಾಗಿ ಕಾಣುತ್ತಿತ್ತು.

"ಇನ್ನೊಂದು ಮಾತು," ಎಂದರು ಸಾಹೇಬರು. "ಅಮಾನತಾದವರ ಐಡಿ ಇನ್ನೂ ಯಾಕೆ ಜೀವಂತ ಇದೆ? ಈಗಿಂದೀಗಲೇ ಬಂದ್ ಮಾಡಿ."

ಅವಳು ಬಾಯಿ ತೆರೆದಳು. ಬಂದ್ ಮಾಡಿದರೆ ಏನಾಗುತ್ತದೆ ಎಂದು ಹೇಳಲು ಹೊರಟವಳು, ಅಲ್ಲೇ ನುಂಗಿಕೊಂಡಳು. ಮೂರು ಪತ್ರದಲ್ಲಿ ಹೇಳಿದ್ದಾಗಿತ್ತು.

"ಬರೆದು ಕೊಡಿ ಸರ್."

ಸಾಹೇಬರು ಬರೆದು ಕೊಟ್ಟರು, ಮೊಹರು ಸಮೇತ.

ತನ್ನ ಕೋಣೆಗೆ ಬಂದು ಅವಳು ಮೊದಲು ತುರ್ತು ವಿಭಾಗದ ನರ್ಸಿಗೆ ಫೋನ್ ಮಾಡಿದಳು. "ಕರೆಂಟ್ ಹೋದಾಗ ಮಾಡ್ತೀರಲ್ಲ, ಇವತ್ತೂ ಹಾಗೇ. ತುರ್ತಿನ ವರದಿಗಳನ್ನ ಲ್ಯಾಬಿಂದ ಕೈಬರಹದಲ್ಲೇ ತರಿಸ್ಕೊಳ್ಳಿ. ಒಂದೂ ತಡ ಆಗಬಾರ್ದು." ರೋಗಿಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅತ್ತಲಿಂದ ಕೈಬರಹದ ಪುಸ್ತಕ ಹೊರಗೆ ತೆಗೆದದ್ದಾಗಿದೆ ಎಂದು ಖಾತ್ರಿಯಾದ ಮೇಲೆ, ಹನ್ನೊಂದು ಗಂಟೆಗೆ ಸರಿಯಾಗಿ, ಅಕ್ಕನ ಐಡಿಯನ್ನು ಬಂದ್ ಮಾಡಿದಳು.

ಎರಡು ನಿಮಿಷ ಕಳೆಯಿತು. ಆಮೇಲೆ ಫೋನು ಬಡಿದುಕೊಳ್ಳಲು ಶುರುವಾಯಿತು.

"ಮೇಡಂ, ಲ್ಯಾಬಿಂದ. ಕಂಪ್ಯೂಟರ್ ಹೊರಗೆ ಹಾಕ್ಬಿಡ್ತು."

ಅಲ್ಲಿನ ನಿಯಮ ಹೀಗಿತ್ತು: ಯಾರೇ ಸಹಾಯ ಕೇಳಿದರೂ ಒಂದು ಟಿಕೆಟ್ ಬರೆಯಬೇಕು. ಕರೆ ಮಾಡಿದವರ ಹೆಸರು, ಬಳಸುತ್ತಿದ್ದ ಐಡಿ, ಮಾಡುತ್ತಿದ್ದ ಕೆಲಸ. ಬೇರೆ ದಿನ ಅವಳು ಅರ್ಧಂಬರ್ಧ ತುಂಬುತ್ತಿದ್ದಳು. ಇವತ್ತು ಒಂದಕ್ಷರ ಬಿಡಲಿಲ್ಲ.

"ನಿಮ್ಮ ಹೆಸರು? ಸರಿ. ಯಾವ ಐಡಿಯಲ್ಲಿದ್ರಿ?"

"ಅದೇ ಮೇಡಂ, ಅಕ್ಕಂದು."

"ಏನು ಕೆಲಸ ಮಾಡ್ತಿದ್ರಿ?"

"ವರದಿ ಓಕೆ ಮಾಡ್ತಿದ್ದೆ."

ಬರೆದಳು. ಹನ್ನೊಂದೂವರೆಯೊಳಗೆ ಲ್ಯಾಬಿನ ಒಂಬತ್ತೂ ಜನರ ಕರೆ ಮುಗಿಯಿತು. ಆಮೇಲೆ ಡಾಕ್ಟರುಗಳ ಸರದಿ. ನಾಲ್ವರು. ತಮ್ಮ ಪಾಸ್‌ವರ್ಡಿನ ಗಡುವು ಮುಗಿದು ತಿಂಗಳುಗಳಾಗಿದ್ದರೂ ಹೊಸದು ಮಾಡಿಕೊಳ್ಳಲು ಪುರುಸೊತ್ತಿಲ್ಲದ ದೊಡ್ಡ ಮನುಷ್ಯರು. ಒಬ್ಬರು ಗುಡುಗಿದರು, "ಏನ್ರೀ ಇದು, ಅವರ ಐಡಿ ಇಲ್ದೆ ನಾವು ಕೆಲಸ ಮಾಡೋದು ಹೇಗೆ?"

"ನೀವು ಹೇಳಿದ್ದನ್ನ ಹಾಗೇ ಬರ್ಕೊಳ್ತಿದೀನಿ ಡಾಕ್ಟ್ರೇ. ಇನ್ನೊಂದ್ಸಲ ಹೇಳ್ತೀರಾ?"

ಒಂದು ಗಂಟೆಗೆ ಹದಿನಾಲ್ಕನೆಯ ಕರೆ ಬಂತು. ಫೋನಿನ ಪರದೆಯ ಮೇಲೆ ಆಡಳಿತಾಧಿಕಾರಿಯ ಕೋಣೆಯ ಸಂಖ್ಯೆ. ಅವಳಿಗೇ ಒಂದು ಕ್ಷಣ ನಂಬಿಕೆ ಬರಲಿಲ್ಲ.

"ಅಮ್ಮಾ, ಮೂರು ಗಂಟೆ ಸಮಿತಿಗೆ ಲ್ಯಾಬಿನ ಪಟ್ಟಿ ತೆಗೀಬೇಕು. ನನ್ನ ಕಂಪ್ಯೂಟರಲ್ಲಿ ಬರ್ತಿಲ್ಲ."

"ಯಾವ ಐಡಿ ಹಾಕಿದ್ರಿ ಸರ್?"

ಆ ಕಡೆ ಸಾಹೇಬರು ಎದ್ದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ನನ್ನದು ಲಾಕ್ ಆಗಿ ತುಂಬ ದಿನ ಆಯ್ತು..." ಎಂದರು ಸಾಹೇಬರು ಮೆಲ್ಲಗೆ. "ಆ ಲ್ಯಾಬಿನವರದನ್ನೇ ಹಾಕ್ತಿದ್ದೆ. ಒಂದು ಗಂಟೆ ಮಟ್ಟಿಗೆ ಅದನ್ನ ತೆರೆದುಬಿಡಿ."

"ಯಾರಿಗೆ ತೆರೀಲಿ ಸರ್? ಅವರು ಹೊರಗೆ ಬೆಂಚಿನ ಮೇಲಿದ್ದಾರೆ. ನಿಮ್ಮ ಬಾಗಿಲ ಮುಂದೇನೇ."

ಫೋನು ಕಟ್ಟಾಯಿತು. ಅವಳು ಆ ಟಿಕೆಟನ್ನೂ ತುಂಬಿದಳು. ಒಂದು ತಪ್ಪೂ ಆಗದ ಹಾಗೆ ನೋಡಿಕೊಂಡಳು.

ಮೂರು ಗಂಟೆಗೆ ಸಮಿತಿಯ ಮುಂದೆ ಹದಿನಾಲ್ಕು ಹಾಳೆಗಳನ್ನು ಇಟ್ಟಳು, ಅವುಗಳ ಜೊತೆ ತನ್ನ ಮೂರು ಪತ್ರಗಳ ಪ್ರತಿಯನ್ನೂ. ಅಧ್ಯಕ್ಷೆ ವಯಸ್ಸಾದ ಹೆಂಗಸು. ಒಂದೊಂದಾಗಿ ಓದಿ, ಕೊನೆಯ ಹಾಳೆಗೆ ಬಂದಾಗ ತಲೆಯೆತ್ತಿ ಆಡಳಿತಾಧಿಕಾರಿಯನ್ನು ನೋಡಿದರು. ಸಾಹೇಬರು ನೀರಿನ ಲೋಟಕ್ಕೆ ಕೈ ಹಾಕಿದರು.

"ಆ ವರದಿ ಇವರೇ ಕಳಿಸಿದ್ದು ಅಂತ ಈಗಲೂ ಹೇಳ್ತೀರಾ?"

ಆಡಳಿತಾಧಿಕಾರಿ ಲೋಟದ ನೀರನ್ನೆಲ್ಲ ಕುಡಿದರು.

ಅಮಾನತು ಅದೇ ಸಂಜೆ ರದ್ದಾಯಿತು, ಒಂಬತ್ತು ಅರ್ಜಿಗಳಿಗೂ ಸಹಿ ಬಿತ್ತು. ಆದರೆ ಆದೇಶದಲ್ಲಿ ಬರೆದದ್ದೇನು? 'ತಾಂತ್ರಿಕ ಗೊಂದಲದಿಂದ ಉಂಟಾದ ಪರಿಸ್ಥಿತಿ.' ಕ್ಷಮಿಸಿ ಎಂಬ ಮೂರಕ್ಷರ ಬರೆದರೆ ಇವರ ಪೆನ್ನಿನ ಮಸಿ ಮುಗಿದುಹೋಗುತ್ತಿತ್ತೇನೋ. ಕಂಪ್ಯೂಟರಿಗೆ ಗೊಂದಲವಾಗಿರಲಿಲ್ಲ, ಅದು ಹೇಳಿದ್ದನ್ನು ಹೇಳಿದ ಹಾಗೆ ಮಾಡಿತ್ತು.

ಅಕ್ಕ ಹೊಸ ಪಾಸ್‌ವರ್ಡ್ ಹಾಕಿಕೊಳ್ಳಲು ಅವಳ ಕೋಣೆಗೆ ಬಂದಳು. ಬೆಳಗಿನಿಂದ ಬೆಂಚಿನ ಮೇಲೆ ಕೂತು ಕಾಲು ಊದಿತ್ತು. ಕುರ್ಚಿ ಎಳೆದುಕೊಂಡು ಕೂತು, ಕೀಬೋರ್ಡಿನ ಮೇಲೆ ಬೆರಳಿಟ್ಟು, ಹಾಗೇ ತಡೆದಳು.

"ಆ ಕಡೆ ತಿರುಗಮ್ಮ ಸ್ವಲ್ಪ."

"ನನಗೂ ತೋರಿಸಲ್ವಾ ಅಕ್ಕ? ಬೆಕ್ಕಿನ ಹೆಸರೇ ತಾನೆ?"

"ಅದೆಲ್ಲ ನಿನಗ್ಯಾಕೆ?" ಎಂದಳು ಅಕ್ಕ, ಎಡಗೈಯಿಂದ ಕೀಬೋರ್ಡನ್ನು ಮರೆಮಾಡಿಕೊಂಡು.

ಪಾಸ್‌ವರ್ಡಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಹಿಂದಿನಿಂದ ಒಂದೊಂದೇ ಕೀಲಿಯ ಸದ್ದು ನಿಧಾನವಾಗಿ ಬಂತು. ಆರು ವರ್ಷದಲ್ಲಿ ಮೊದಲ ಸಲ ಆ ಹೆಸರಿನ ಹಿಂದೆ ಅಕ್ಕ ಒಬ್ಬಳೇ ಇದ್ದಳು.