ಬ್ರೇಕು ತಳ್ಳಿದ ಬಾಣ

"ಮತ್ತೆ ಅದೇ ಬಾಣಕ್ಕೇ ಅಂಕ ಕಿತ್ಕೊಂಡಿದ್ರಾ? ಆ ಮೇಷ್ಟ್ರಿಗೂ ನಿಂಗೂ ಯಾವ ಜನ್ಮದ ಹಗೆಯೇ, ಪೀಪಿ!" ಎಂದಳು ಚಿಕ್ಕಮ್ಮ, ಡಿಪೋದಲ್ಲಿ ನಿಂತಿದ್ದ ಖಾಲಿ ಬಸ್ಸಿನ ಗಾಜು ಒರೆಸುತ್ತ.

ಚಿಕ್ಕಂದಿನಲ್ಲಿ ಇದೇ ಚಿಕ್ಕಮ್ಮ ಓಡಿಸುವ ಬಸ್ಸಿನಲ್ಲಿ ಕಂಡಕ್ಟರನ ಪೀಪಿ ಕಚ್ಚಿಕೊಂಡು ಬೆಳೆದವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ಈಗ ಕಾಲೇಜಿನ ಮೊದಲ ವರ್ಷ. ಭೌತಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ. ಇವತ್ತು ಹತ್ತು ಗಂಟೆಗೆ ಮೂರನೆಯ ಮತ್ತು ಕೊನೆಯ ಅವಕಾಶ. ಇದೂ ಕೈಕೊಟ್ಟರೆ ಎರಡನೇ ವರ್ಷದ ಬಾಗಿಲು ಮುಚ್ಚಿದಂತೆಯೇ.

ಮುಳುಗಿಸಿದ್ದು ಚಲನೆಯ ಪಾಠ. ಬ್ರೇಕು ಹಾಕಿದ ಗಾಡಿಯ ಚಿತ್ರ ಕೊಟ್ಟು, ಒಳಗಿನ ಪೆಟ್ಟಿಗೆಯ ಮೇಲಿರುವ ಬಲಗಳನ್ನು ಬಾಣ ಹಾಕಿ ತೋರಿಸಿ ಎನ್ನುತ್ತಾರೆ. ಪೀಪಿ ಹಿಂದೆಮುಂದೆ ನೋಡದೆ ಮುಂದಕ್ಕೊಂದು ಬಾಣ ಎಳೆಯುತ್ತಾಳೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ: "ತಳ್ಳಿದ್ದು ಯಾರು?"

"ಬ್ರೇಕೇ ತಳ್ಳೋದು, ಇನ್ಯಾರು?" ಚಿಕ್ಕಮ್ಮ ಸೀಟಿಗೇರಿದಳು. "ಇಪ್ಪತ್ತು ವರ್ಷದಿಂದ ಬಡ್ಕೊಳ್ತಾ ಇದೀನಿ, ಹಿಡ್ಕೊಳ್ರೀ, ಬ್ರೇಕು ತಳ್ಳುತ್ತೆ ಅಂತ!"

ಪೀಪಿ ತಟ್ಟನೆ ತಲೆಯೆತ್ತಿದಳು. ಆ ಬಾಣ ಎಲ್ಲಿಂದ ಬಂತೆಂದು ಈಗ ಹೊಳೆಯಿತು. ಅಕ್ಷರ ಕಲಿಯುವ ಮೊದಲೇ ಕಿವಿಗೆ ಬಿದ್ದ ಪಾಠ ಅದು.

"ಚಿಕ್ಕಮ್ಮ, ಹೊಸ ಡ್ರೈವರುಗಳಿಗೆ ಇಡ್ತೀಯಲ್ಲ, ಆ ಲೋಟ ಇಡು."

ಚಿಕ್ಕಮ್ಮನ ಕೈಕೆಳಗೆ ಕಲಿಯುವವರು ಸ್ಟೇರಿಂಗಿನ ಮುಂದೆ ತಂತಿಯ ಬಳೆಯಲ್ಲಿ ನೀರು ತುಂಬಿದ ಲೋಟ ಸಿಕ್ಕಿಸಿಕೊಂಡೇ ಓಡಿಸಬೇಕು. ನೀರು ಚೆಲ್ಲಿದವರಿಗೆ ಅವತ್ತು ಬಸ್ಸು ತೊಳೆಯುವ ಶಿಕ್ಷೆ.

ಲೋಟ ಬಂತು. ಅಂಗಳದಲ್ಲಿ ಬಸ್ಸು ಒಂದೇ ವೇಗದಲ್ಲಿ ಸಾಗುವಾಗ ನೀರು ತೆಪ್ಪಗಿತ್ತು. "ಈಗ ಬ್ರೇಕು ಒತ್ತು!" ಎಂದಳು ಪೀಪಿ. ನೀರು ಲೋಟದ ಅಂಚು ಹಾರಿ ಮುಂದಿನ ಗಾಜಿಗೆ ಬಡಿಯಿತು.

"ನೋಡಿದ್ಯಾ? ತಳ್ತು!" ಎಂದಳು ಚಿಕ್ಕಮ್ಮ.

"ಬ್ರೇಕು ಏನನ್ನ ಹಿಡೀತು?"

"ಚಕ್ರನ."

"ಚಕ್ರ ನಿಂತು ಬಸ್ಸು ನಿಂತಿತು, ಬಸ್ಸಿಗೆ ಕಟ್ಟಿದ ಲೋಟ ನಿಂತಿತು. ಮೇಲಿನ ನೀರನ್ನ ಹಿಡಿದದ್ದು?"

"ಅದನ್ನ ಯಾರು ಹಿಡೀತಾರೆ? ಅದು ತನ್ನ ಪಾಡಿಗೆ ಹೋಗ್ತಾ..." ಚಿಕ್ಕಮ್ಮನ ಮಾತು ಅರ್ಧಕ್ಕೇ ನಿಂತಿತು. "ಅಯ್ಯೋ ಇವಳ! ತಳ್ಳಿದೋರು ಯಾರೂ ಇಲ್ಲ ಕಣೇ. ಹೋಗ್ತಿದ್ದದ್ದು ಹೋಗ್ತಾನೇ ಇತ್ತು, ಅಷ್ಟೇ!"

"ಹಾಗಾದ್ರೆ ಚಿತ್ರದ ಗಾಡಿಲಿರೋ ಆ ಪೆಟ್ಟಿಗೆನ ನಿಲ್ಲಿಸೋದು ಯಾವುದು?"

"ಅಡಿಯಿಂದ ಗಾಡಿಯ ಹಲಗೆ ಉಜ್ಜಿ ಎಳೀಬೇಕು. ಹಿಂದಕ್ಕೆ."

"ಹಿಂದಕ್ಕೆ," ಎಂದಳು ಪೀಪಿ ಮೆಲ್ಲಗೆ.

ಚಿಕ್ಕಮ್ಮ ಬಟ್ಟೆಯಿಂದ ಗಾಜು ಒರೆಸಿದಳು. ಮುಖ ಸಪ್ಪಗಾಗಿತ್ತು. "ನಿನ್ನ ಡುಮ್ಕಿಗೆ ನಾನೇ ಕಾರಣ ಆದ್ನಲ್ಲೇ."

"ಅರ್ಧ ನೀನು. ಇನ್ನರ್ಧ ನಾನು ಓದದೇ ಇದ್ದದ್ದು."

ಒಂಬತ್ತೂವರೆಗೆ ಕಾಲೇಜಿನ ನಿಲ್ದಾಣ ಬಂದಾಗ ಬಸ್ಸು ಕಿಕ್ಕಿರಿದಿತ್ತು. "ಹಿಡ್ಕೊಳ್ರೀ!" ಚಿಕ್ಕಮ್ಮ ಕೂಗಿದಳು. "ಬಸ್ಸು ನಿಲ್ಲುತ್ತೆ, ನೀವು ನಿಲ್ಲಲ್ಲ!"

"ಇದೇನಮ್ಮಾ ಹೊಸ ಮಂತ್ರ?" ಎಂದರು ಕಂಬಿ ಬಿಟ್ಟು ನಿಂತಿದ್ದ ಯಜಮಾನರೊಬ್ಬರು.

"ನಮ್ಮಕ್ಕನ ಮಗಳು ಕಲಿಸಿದ್ದು ಸ್ವಾಮೀ. ಮೊದಲು ಹಿಡ್ಕೊಳ್ಳಿ, ಆಮೇಲೆ ಅವಳನ್ನೇ ಕೇಳಿ!"

ಪರೀಕ್ಷೆಯ ನಾಲ್ಕನೆಯ ಪ್ರಶ್ನೆ ಅದೇ ಗಾಡಿ, ಅದೇ ಪೆಟ್ಟಿಗೆ. ಪೀಪಿಯ ಪೆನ್ಸಿಲು ರೂಢಿಯಂತೆ ಅರ್ಧ ಬೆರಳು ಮುಂದಕ್ಕೆ ಓಡಿ ಗಕ್ಕನೆ ನಿಂತಿತು. ಅವಳು ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಪೆಟ್ಟಿಗೆಯ ಅಡಿಯಿಂದ ಹಿಂದಕ್ಕೊಂದು ಬಾಣ ಎಳೆದಳು.