ಹನ್ನೊಂದು ಕಿಲೋಮೀಟರ್ ಉಳಿದ ರಸ್ತೆ

ಅಟ್ಲಾಸ್ ಬೆಟ್ಟದ ರಸ್ತೆಗೆ ಸರ್ಕಾರ ಹಣ ಕೊಟ್ಟ ವರ್ಷ ನಮ್ಮ ಕಣಿವೆಯ ಎಪ್ಪತ್ತು ಜನಕ್ಕೆ ಕೆಲಸ ಸಿಕ್ಕಿತು. ನನ್ನ ಜೊತೆ ರೋಲರ್ ಓಡಿಸುತ್ತಿದ್ದ ಮೋಹಾನಿಗೆ ಅದು ಮನೆಯ ದಾರಿಯೂ ಹೌದು. ರಸ್ತೆ ಮುಗಿಯಬೇಕಾಗಿದ್ದದ್ದು ಅವನ ಊರಿನಲ್ಲೇ. ಸಂಜೆಯಾದರೆ ಹೆಂಡತಿ ತುದಾಳಿಗೆ ಫೋನ್ ಮಾಡುತ್ತಿದ್ದ.

"ಇವತ್ತು ಇನ್ನೂರು ಮೀಟರ್ ಹತ್ರ ಬಂದೆ ಕಣೇ."

"ಆಮೆ ಥರ ಬರ್ತಿದೀಯ. ನಾನು ಮುದುಕಿ ಆಗೋ ಹೊತ್ತಿಗೆ ಮುಟ್ತೀಯ ಬಿಡು!"

ಇನ್ನು ಹನ್ನೊಂದು ಕಿಲೋಮೀಟರ್ ಇರುವಾಗ ಸರ್ಕಾರದ ಹಣ ನಿಂತುಹೋಯಿತು. ಕೂಲಿಯವರೆಲ್ಲ ಮನೆ ಸೇರಿದರು. ರೋಲರ್ ಓಡಿಸುವ ನಮ್ಮಿಬ್ಬರನ್ನು ಮಾತ್ರ ದಕ್ಷಿಣದ ಮರುಭೂಮಿಯ ಹೆದ್ದಾರಿಗೆ ಕಳಿಸಿದರು. ಹೊರಡುವ ದಿನ ಮೋಹಾ ಡಾಂಬರಿನ ಅಂಚಿನಲ್ಲಿ ನಿಂತು ಫೋನ್ ಮಾಡಿದ.

"ರಸ್ತೆ ನಿಂತೋಯ್ತು, ತುದಾ."

"ರಸ್ತೆ ಯಾರಿಗೆ ಬೇಕಿತ್ತು? ನಡ್ಕೊಂಡು ಬಾ. ಒಂದು ದಿನ ಇದ್ದು ಹೋಗು."

ಲಾರಿ ಹಾರನ್ ಹೊಡೆಯುತ್ತಿತ್ತು. ಮೋಹಾ ತನ್ನ ಚೀಲವನ್ನು ನನ್ನ ಕೈಗೆ ತುರುಕಿ, "ಮೇಸ್ತ್ರಿಗೆ ಏನಾದ್ರೂ ಹೇಳು ಮಾರಾಯ," ಎಂದವನೇ ಬೆಟ್ಟದ ಕಡೆ ನಡೆದ.

ನಾಲ್ಕನೇ ದಿನ ಮರುಭೂಮಿಯ ಡೇರೆಗೆ ಬಂದು ಸೇರಿದ. ಅಂಗಾಲಿನ ತುಂಬ ಬೊಬ್ಬೆ, ಜೇಬಿನ ತುಂಬ ತುದಾ ಕೊಟ್ಟ ಆಕ್ರೋಟು. ಅವನ್ನು ನಮಗೆ ಹಂಚಲಿಲ್ಲ, ತಾನೂ ತಿನ್ನಲಿಲ್ಲ. ದಿಂಬಿನ ಕೆಳಗಿಟ್ಟುಕೊಂಡು ಮಲಗಿದ.