ಹೆಬ್ಬೆರಳಿನ ಕೆಳಗಿನ ಗುಂಡಿ

ನನ್ನ ಹೆಂಡತಿ ರೈಲು ನಿಲ್ದಾಣದಲ್ಲಿ ಅನೌನ್ಸರ್. ತಡ ಮಾಡುವುದು ಗಾಡಿ, ವಿಷಾದಿಸುವುದು ಇವಳು. ಅದೂ ಎಂಥ ದನಿ ಅಂತೀರಿ! ಬೈಯಲು ಬಾಯಿ ತೆರೆದವನೂ ಅದನ್ನು ಕೇಳಿ ‘ಪರವಾಗಿಲ್ಲ ಬಿಡಿ’ ಎಂದು ಬೆಂಚಿಗೆ ಒರಗಿಬಿಡಬೇಕು. ನಿಲ್ಲದೆ ಹಾದುಹೋಗುವ ಗಾಡಿ ಬಂದಾಗ ಮಾತ್ರ ಆ ದನಿಯಿಂದ ಸಕ್ಕರೆ ಪೂರ್ತಿ ಇಳಿಯುತ್ತದೆ. ಮೈಕಿನ ಗುಂಡಿ ಒತ್ತಿ, “ಗಾಡಿ ನಿಲ್ಲುವುದಿಲ್ಲ. ಅಂಚಿನಿಂದ ಹಿಂದೆ ಸರಿಯಿರಿ!” ಎಂದಳೋ, ಪ್ಲಾಟ್‌ಫಾರಮ್ಮಿನ ನಾಯಿಯೂ ಎದ್ದು ಗೋಡೆಗೆ ಅಂಟಿಕೊಳ್ಳುತ್ತದೆ. ಗುಂಡಿಯಿಂದ ಬೆರಳು ತೆಗೆದರೆ ಮತ್ತೆ ಸಕ್ಕರೆ.

ಮನೆಗೆ ಬರುತ್ತಿದ್ದದ್ದು ಸಕ್ಕರೆಯ ದನಿ ಮಾತ್ರ. ಅದೇ ನಮ್ಮ ತಾಪತ್ರಯ. ಹೋದ ವರ್ಷ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ, ಆಸ್ಪತ್ರೆಯ ಕೌಂಟರಿನಲ್ಲಿ “ತುಸು ನೋವಿದೆ, ಬಿಡುವಾದಾಗ ನೋಡಿ” ಎಂದಳು. ಅವರಿಗೆ ಬಿಡುವಾದದ್ದು ಸಂಜೆ. ಅಷ್ಟರಲ್ಲಿ ಊರಿನ ಕೆಮ್ಮು, ನೆಗಡಿ, ಉಗುರುಸುತ್ತುಗಳೆಲ್ಲ ಅವಳನ್ನು ದಾಟಿ ಒಳಗೆ ಹೋಗಿಬಂದಿದ್ದವು.

ಹಾಗಾಗಿ ಬಸುರಾದಾಗ ಅವಳ ಚಿಂತೆಯೇ ಬೇರೆ. “ನೋವಿಗೆ ಹೆದರಿಲ್ಲ ರೀ. ನೋವು ಅಂದ್ರೆ ಯಾರೂ ನಂಬಲ್ವಲ್ಲ, ಅದಕ್ಕೆ ಹೆದರಿಕೆ. ಕಾರಿಡಾರಲ್ಲೇ ಹೆರಿಗೆ ಆಗ್ಬಿಟ್ರೆ?”

“ಆಗ ಮಗುವಿಗೆ ನಡೆಯೋಕೆ ಜಾಗ ಜಾಸ್ತಿ” ಎಂದೆ. ಅವಳು ನಗಲಿಲ್ಲ. ಅವಳು ನಗದಿದ್ದರೆ ವಿಷಯ ಗಂಭೀರ.

ಆಗ ಗೊತ್ತು ಮಾಡಿದ್ದು ಡೂಲಾ ಅಕ್ಕನನ್ನು.

“ಡೋಲು ಬಾರಿಸೋಳೇನೋ?” ಎಂದಳು ನಮ್ಮಮ್ಮ.

“ಅಲ್ಲಮ್ಮ, ಹೆರಿಗೆಯಲ್ಲಿ ಜೊತೆಗಿರೋರು. ಡಾಕ್ಟರಲ್ಲ, ನರ್ಸಲ್ಲ. ಬೆನ್ನು ಒತ್ತುತ್ತಾರೆ, ಉಸಿರಾಡೋದು ಹೇಳಿಕೊಡ್ತಾರೆ, ಹೆದರಿದ್ರೆ ಕೈ ಹಿಡೀತಾರೆ.”

“ಹಾಗಾದ್ರೆ ಗಂಡ ಅನ್ನೋನು ಯಾತಕ್ಕೆ?”

“ಅಕ್ಕನಿಗೆ ಎರಡು ಕೈ ಇದೆ ಅತ್ತೆ,” ನನ್ನ ಹೆಂಡತಿ ಮೆತ್ತಗೆ ಹೇಳಿದಳು. “ಒಂದು ನನಗೆ, ಇನ್ನೊಂದು ಇವರಿಗೆ.”

ಅಕ್ಕ ಬಂದ ಮೊದಲ ದಿನ ನನ್ನ ಕಣ್ಣು ಬಿದ್ದದ್ದು ಅವರ ಕನ್ನಡಕದ ಮೇಲೆ. ನನ್ನದು ಕನ್ನಡಕದ ಅಂಗಡಿಯ ಕೆಲಸ. ಅವರದು ಎಡಗಡೆಯ ಕಡ್ಡಿ ಸಡಿಲವಾಗಿ ಮೂಗಿನಿಂದ ಜಾರುತ್ತಿತ್ತು. ಜೇಬಿನ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿಕೊಟ್ಟೆ. “ನೀವು ಬಿಗಿ ಮಾಡಿದ್ರಿ, ನಾನು ಸಡಿಲ ಮಾಡ್ತೀನಿ” ಎಂದು ಅವರು ನನ್ನ ಹೆಂಡತಿಯ ದವಡೆಗೆ ಕೈ ಹಾಕಿದರು. “ಬಾಯಿ ಬಿಗಿದ್ರೆ ಮೈಯೆಲ್ಲ ಬಿಗಿಯುತ್ತೆ ಕಣಮ್ಮ. ಬಾಯಿ ಬಿಡು. ಹೊಟ್ಟೆಯಿಂದ ದನಿ ತಗೊಂಡು ಹಸು ಥರ ಕೂಗು.”

ನನ್ನ ಹೆಂಡತಿ ಊಟದ ಮೇಜಿಗೆ ಬಾಗಿ, ಹಸುವೊಂದು ಅನುಮತಿ ಕೇಳುವ ಹಾಗೆ “ಅಂಬಾ?” ಎಂದಳು.

ನನಗೆ ತಡೆಯಲಾಗಲಿಲ್ಲ. ಹಸಿದ ಹಸು, ಕರುವನ್ನು ಹುಡುಕುವ ಹಸು, ಹಾಲು ಕೊಡಲೊಪ್ಪದ ಎಮ್ಮೆ, ಎಲ್ಲವನ್ನೂ ಮಾಡಿ ತೋರಿಸಿದೆ. ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಇಳಿದು ಬಂದು ಬಾಗಿಲು ತಟ್ಟಿದರು. “ಹಸು ಕಟ್ಟಿದೀರಂತ ಕಾಣುತ್ತೆ. ನಮಗೂ ಅರ್ಧ ಲೀಟರ್ ಹಾಕ್ತೀರಾ?”

“ಇನ್ನೂ ಕರು ಹಾಕಿಲ್ಲ ಸಾರ್” ಎಂದಳು ನನ್ನ ಹೆಂಡತಿ, ಅತ್ಯಂತ ವಿನಯದಿಂದ.

ಮರುವಾರ ನಾಟಕದ ಪಾಠ. ನಾನು ನರ್ಸ್. ಮೂಗಿನಿಂದ ದನಿ ತೆಗೆದು, “ಇನ್ನೂ ಟೈಮಿದೆ, ಅಲ್ಲಿ ಕೂತ್ಕೊಳಮ್ಮಾ” ಎಂದೆ. ಅವಳು ಕೂತಳು.

“ಯಾಕೆ ಕೂತೆ?” ಎಂದರು ಅಕ್ಕ.

“ಅವರು ಹೇಳಿದ್ರಲ್ಲ ಅಕ್ಕ.”

“ಅವರಲ್ಲಮ್ಮ, ನಿನ್ನ ಗಂಡ!”

“ಹಾಗಾದ್ರೆ ಕೂರಬಾರದಿತ್ತು.”

ಅಕ್ಕ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ನಕ್ಕು ನಕ್ಕು. ಆಮೇಲೆ ಅವಳ ಮುಂದೆ ಕೂತು ಹೇಳಿದರು: “ನೋಡು, ನಿನ್ನ ಬದಲು ನಾನು ಮಾತಾಡಿದ್ರೆ ಅವರು ನನ್ನ ಹೊಟ್ಟೆ ನೋಡ್ತಾರೆ. ನೋವು ನಿಂದು, ಮಾತೂ ನಿಂದೇ ಇರ್ಬೇಕು.”

ಆ ಮಾತಿನ ಜಾಡು ಹಿಡಿದೇ ಅಕ್ಕ ಒಂದು ಮಧ್ಯಾಹ್ನ ನಿಲ್ದಾಣಕ್ಕೆ ಹೋಗಿ, ಇವಳ ಕ್ಯಾಬಿನ್ನಿನ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರಂತೆ. ಇವಳು ಗುಂಡಿ ಒತ್ತಿ ಎಚ್ಚರಿಸಿದಳು, ನಿಲ್ಲದ ಗಾಡಿಯೊಂದು ಕಿಟಕಿ ನಡುಗಿಸಿ ಹೋಯಿತು. ನಾಯಿ ಗೋಡೆಗೆ ಅಂಟಿಕೊಂಡಿತು. ಅಕ್ಕನೂ ಸ್ಟೂಲಿನ ಸಮೇತ ಹಿಂದೆ ಸರಿದಿದ್ದರು.

“ಈ ದನಿಯನ್ನ ಇಷ್ಟು ದಿನ ಎಲ್ಲಿಟ್ಟಿದ್ದೆ ತಾಯಿ?”

“ಇದು ನನ್ನದಲ್ಲ ಅಕ್ಕ, ಮೈಕಿಂದು. ಗುಂಡಿ ಒತ್ತಿದ್ರೆ ಬರುತ್ತೆ.”

ಅಂದಿನಿಂದ ಹಸುವಿಗೆ ರಜೆ. ಅಕ್ಕ ತಮ್ಮ ಮಣಿಕಟ್ಟನ್ನೇ ಗುಂಡಿ ಮಾಡಿ ಮುಂದೆ ಚಾಚಿ “ಒತ್ತು, ಹೇಳು” ಎನ್ನುವುದು, ಇವಳು ಹೆಬ್ಬೆರಳು ಒತ್ತಿ ನಾಚಿಕೊಂಡು “ದಯವಿಟ್ಟು...” ಎನ್ನುವುದು. ಕೊನೆಯ ಪಾಠದವರೆಗೂ ‘ದಯವಿಟ್ಟು’ ಬಿಟ್ಟು ಹೋಗಲೇ ಇಲ್ಲ.

ನೋವು ಶುರುವಾದದ್ದು ಒಂದು ಬೆಳಗ್ಗೆ. ಮನೆಯಲ್ಲಿ ಅಕ್ಕ ಬೆನ್ನು ಒತ್ತುತ್ತ, ನಡೆಸುತ್ತ, ನೀರು ಕುಡಿಸುತ್ತ ಇದ್ದರು. ನೋವಿನ ನಡುವಿನ ಬಿಡುವು ಕಡಿಮೆಯಾಗುತ್ತಿದ್ದಂತೆ “ಈಗ ಹೊರಡೋಣ” ಎಂದರು. ಆಸ್ಪತ್ರೆಯ ಹೆರಿಗೆ ವಾರ್ಡಿನ ಕೌಂಟರಿನಲ್ಲಿ ಕುಳ್ಳನೆಯ ನರ್ಸೊಬ್ಬಳು ಫೋನನ್ನು ಕಿವಿ ಭುಜಗಳ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದಳು.

“ಹೇಗಿದೆ ನೋವು?”

“ಪರವಾಗಿಲ್ಲ, ಸ್ವಲ್ಪ ಹೆಚ್ಚಾಗಿದೆ” ಎಂದಳು ನನ್ನ ಹೆಂಡತಿ.

“ಇಷ್ಟು ಚೆನ್ನಾಗಿ ಮಾತಾಡ್ತಿದೀರಲ್ಲ, ಇನ್ನೂ ಟೈಮಿದೆ. ಅಲ್ಲಿ ಕೂತ್ಕೊಳಮ್ಮಾ.” ಅದೇ ಮೂಗು, ಅದೇ ರಾಗ. ನನ್ನ ಮಿಮಿಕ್ರಿ ನನಗೇ ತಿರುಗಿ ಹೊಡೆದಿತ್ತು.

“ಸಿಸ್ಟರ್, ಒಂದು ಸಲ ಪರೀಕ್ಷೆ ಮಾಡ್ಬಿಡಿ” ಎಂದರು ಅಕ್ಕ. “ಎಲ್ಲರೂ ಹಾಗೇ ಅಂತಾರಮ್ಮ” ಎಂದು ನರ್ಸ್ ಮತ್ತೆ ಫೋನಿಗೆ ತಿರುಗಿದಳು. ನಾನು ಏನೋ ಹೇಳಲು ಹೋದೆ. ಗಂಟಲಿನಿಂದ ಯಾರ ದನಿಯೂ ಬರಲಿಲ್ಲ, ಎಮ್ಮೆಯದು ಕೂಡ.

ನನ್ನ ಹೆಂಡತಿ ಬೆಂಚಿನತ್ತ ಒಂದು ಹೆಜ್ಜೆ ಇಟ್ಟಳು. ಅಲ್ಲೇ ನಿಂತಳು. ಮುಖದ ಬಣ್ಣ ಬದಲಾಯಿತು. “ಅಕ್ಕ, ಕೆಳಗೆ ಒತ್ತಿ ಬರ್ತಿದೆ” ಎಂದು ಪಿಸುಗುಟ್ಟಿದಳು.

ಅಕ್ಕ ಕೂಗಾಡಲಿಲ್ಲ. ಮಣಿಕಟ್ಟು ಚಾಚಿದರು. “ಒತ್ತು.”

ಹೆಬ್ಬೆರಳು ಒತ್ತಿತು. ಮೈಕಿಲ್ಲದ ಆ ಕಾರಿಡಾರಿನಲ್ಲಿ ಇಡೀ ನಿಲ್ದಾಣವೇ ಬಂದು ನಿಂತಿತು.

“ಗಾಡಿ ನಿಲ್ಲುವುದಿಲ್ಲ! ಹಿಂದೆ ಸರಿಯಿರಿ! ನನ್ನ ಮಗು ಬರ್ತಾ ಇದೆ, ಈಗಲೇ ನೋಡಿ!”

ಟ್ರಾಲಿ ತಳ್ಳುತ್ತಿದ್ದವನು ಗೋಡೆಗೆ ಅಂಟಿದ. ಬೆಂಚಿನ ಮೇಲಿದ್ದವರು ಕಾಲು ಮಡಚಿಕೊಂಡರು. ನರ್ಸ್ ಕುರ್ಚಿಯಿಂದೆದ್ದು ಎರಡು ಹೆಜ್ಜೆ ಹಿಂದೆ ಹೋದವಳು, ಫೋನು ಕೆಳಗೆ ಬಿದ್ದದ್ದೂ ತಿಳಿಯದೆ ಅಷ್ಟೇ ರಭಸದಲ್ಲಿ ಮುಂದೆ ಓಡಿಬಂದಳು. ಪರದೆಯ ಹಿಂದೆ ಪರೀಕ್ಷೆ ಮಾಡಿದ ಮರುಕ್ಷಣವೇ ಅವಳ ಕೂಗು: “ಪೂರ್ತಿ ತೆರೆದಿದೆ! ಡಾಕ್ಟರನ್ನ ಕರೀರಿ, ಒಳಗೆ ಕರ್ಕೊಂಡು ನಡೀರಿ!”

ಅಕ್ಕನನ್ನೂ ನನ್ನನ್ನೂ ಒಳಗೆ ಬಿಟ್ಟರು. ಡಾಕ್ಟರು ಕೈಗವಸು ಹಾಕಿಕೊಳ್ಳುವುದಕ್ಕೂ ಮಗುವಿನ ತಲೆ ಕಾಣುವುದಕ್ಕೂ ಸರಿಹೋಯಿತು. ಅಕ್ಕನ ಒಂದು ಕೈ ಇವಳ ಹೆಬ್ಬೆರಳಿನ ಕೆಳಗೆ. ಇನ್ನೊಂದು, ಇವಳು ಹೇಳಿದ್ದಂತೆಯೇ, ನನ್ನ ಕೈಯಲ್ಲಿ. ಮಗಳು ಹೊರಬಂದು ದಯೆ ದಾಕ್ಷಿಣ್ಯ ಒಂದೂ ಇಲ್ಲದೆ ಕಿರುಚಿದಳು. ನಾನು ಗೋಡೆಗೊರಗಿ, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟೆ.

ಕೊಂಚ ಹೊತ್ತಿನ ಮೇಲೆ ನರ್ಸ್ ಸಂಕೋಚದಿಂದ ಕೇಳಿದಳು. “ನೀವು ಸ್ಟೇಷನ್ನಿನವರಾ ಮೇಡಂ? ನಾನು ದಿನಾ ಅಲ್ಲಿಂದಲೇ ಬರೋದು. ನಿಮ್ಮ ದನಿ ಕೇಳಿದ್ರೆ ಕಾಲು ತಾನಾಗೇ ಹಿಂದೆ ಹೋಗುತ್ತೆ. ಸಾರಿ, ನಾನು ಮೊದಲೇ ನೋಡ್ಬೇಕಿತ್ತು.”

“ಅಡಚಣೆಗಾಗಿ ವಿಷಾದಿಸುತ್ತೇವೆ” ಎಂದೆ ನಾನು, ಇವಳ ದನಿಯಲ್ಲಿ. ನನ್ನ ಗಂಟಲು ವಾಪಸ್ ಬಂದಿತ್ತು.

ಅಕ್ಕ ಮಣಿಕಟ್ಟಿನ ಕೆಂಪು ಗುರುತನ್ನು ಉಜ್ಜಿಕೊಳ್ಳುತ್ತ ನಗುತ್ತಿದ್ದರು. ಅವರ ಕನ್ನಡಕ ಮತ್ತೆ ಮೂಗಿನ ತುದಿಗೆ ಬಂದಿತ್ತು. ಅತ್ತ ಮಗುವನ್ನು ಒರೆಸಿ ಬಟ್ಟೆ ಸುತ್ತುತ್ತಿದ್ದರು. ನನ್ನ ಹೆಂಡತಿ ಎರಡೂ ಕೈ ಚಾಚಿದಳು. ಹೆಬ್ಬೆರಳು ಎಲ್ಲೂ ಒತ್ತಿರಲಿಲ್ಲ.

“ನನ್ನ ಮಗಳನ್ನ ಇಲ್ಲಿ ಕೊಡಿ” ಎಂದಳು.

ಕೊಟ್ಟರು.